ಮಡಿಕೇರಿ ಮಳೆಗಾಲದಲ್ಲಿ ಮೀನಿನ ಮೈಮೇಲೆ ಬಿಳಿ ಚುಕ್ಕಿ: ಉಪ್ಪು, ಹೀಟರ್, ಔಷಧಿ, ಯಾವುದು ಮೊದಲು?

ಮಡಿಕೇರಿ_ಟ್ಯಾಂಕ್ ಕೇಳಿದ್ದು:

ಟ್ಯಾಂಕ್ ಒಳ ಅಳತೆ 60 ಸೆಂ.ಮೀ. ಉದ್ದ, 30 ಅಗಲ, ನೀರಿನ ಮಟ್ಟ 33. ಒಳಗಿರುವ ಮೀನುಗಳು 4 ಮಾಲಿ, 6 ಬ್ಲ್ಯಾಕ್ ವಿಡೋ ಟೆಟ್ರಾ, 3 ಕೋರಿಡೋರಸ್ (ಕೋರಿ). ಸ್ಪಂಜ್ ಫಿಲ್ಟರ್ ಇದೆ, ಹೀಟರ್ ಇಲ್ಲ. ನೀರು ಮನೆಯ ಬಾವಿಯದು. ಈಗ ನೀರಿನ ಉಷ್ಣತೆ ಬೆಳಿಗ್ಗೆ 19 ಡಿಗ್ರಿ, ಮಧ್ಯಾಹ್ನ 21.

ನಾಲ್ಕರಲ್ಲಿ ಎರಡು ಮಾಲಿ ಮೈಸೂರಿನಿಂದ ಬಂದವು, 9 ದಿನ ಆಯಿತು, ಬಂದ ದಿನವೇ ಟ್ಯಾಂಕಿಗೆ ಬಿಟ್ಟಿದ್ದು. ನಿನ್ನೆ ಅವುಗಳ ಬಾಲದ ರೆಕ್ಕೆಯಲ್ಲಿ ರವೆ ಕಾಳಿನಂಥ ಬಿಳಿ ಚುಕ್ಕಿ ಕಂಡಿತು. ಇವತ್ತು ಒಂದು ಟೆಟ್ರಾ ಮೇಲೂ ಇದೆ. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿವೆ. ಒಂದು ಮಾಲಿ ರೆಕ್ಕೆ ಮುದುರಿಕೊಂಡು ಮೂಲೆಯಲ್ಲಿ ನಿಂತಿದೆ.

ಕೇಳಬೇಕಾದದ್ದು ನಾಲ್ಕು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿದೆ, ಅದನ್ನು ಚಿಟಿಕೆ ಹಾಕಬಹುದೇ? ಅಂಗಡಿಯವರು ಕೊಡುವ ನೀಲಿ ಔಷಧಿ ಸಾಕೇ? ಕೋರಿ ಇರುವಾಗ ಉಪ್ಪು ಹಾಕಬಾರದು ಎನ್ನುತ್ತಾರೆ, ನಿಜವೇ? ಇಲ್ಲಿ ದಿನಕ್ಕೆ 4-6 ಗಂಟೆ ಕರೆಂಟ್ ಇರುವುದಿಲ್ಲ, ಹೀಟರ್ ತಂದು ಪ್ರಯೋಜನ ಇದೆಯೇ?

---

ವಿರಾಜಪೇಟೆ_ಜಲಚರ:

ಮೊದಲು ಮೈಲುತುತ್ತದ ಮಾತು ಮುಗಿಸೋಣ. ದಯವಿಟ್ಟು ಹಾಕಬೇಡಿ. ತಾಮ್ರ ಈ ರೋಗಾಣುವನ್ನು ಕೊಲ್ಲುತ್ತದೆ ಎನ್ನುವುದು ಸತ್ಯ, ಆದರೆ ಔಷಧಿಗೂ ವಿಷಕ್ಕೂ ನಡುವಿನ ಅಂತರ ನಿಂತಿರುವುದು ನೀರಿನ ಕ್ಷಾರತೆಯ ಮೇಲೆ. ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇರುವ ನೀರಿಗೆ ತಾಮ್ರ ಹಾಕಲೇಬಾರದು ಎಂಬುದು ಮೀನು ಸಾಕಣೆಯವರ ಹಳೆಯ ನಿಯಮ. ಕೊಡಗಿನ ಬಾವಿ, ಒರತೆ ನೀರು ಸಾಮಾನ್ಯವಾಗಿ ಮೃದು, ಮಳೆಗಾಲದಲ್ಲಂತೂ ಇನ್ನಷ್ಟು ತೆಳು. ಜೊತೆಗೆ ಅಳತೆಯ ಕಷ್ಟ ಬೇರೆ. 50 ಲೀಟರಿಗೆ ಬೇಕಾಗುವ ತಾಮ್ರ ಹೆಚ್ಚೆಂದರೆ 10 ಮಿಲಿಗ್ರಾಂ, ಅಂದರೆ ಮೈಲುತುತ್ತ 40 ಮಿಲಿಗ್ರಾಂ. ಬೆರಳಲ್ಲಿ ತೆಗೆದ ಚಿಟಿಕೆ ಅದರ ಎಷ್ಟೋ ಪಟ್ಟು.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ: ಬೋರ್ಡೋ ಕಲಸಿದ ಬಕೆಟ್, ಮಗ್, ಡ್ರಮ್ ಯಾವುದೂ ಟ್ಯಾಂಕಿನ ನೀರಿಗೆ ಬೇಡ. ಶೇ 1ರ ಬೋರ್ಡೋ ದ್ರಾವಣದ 4 ಮಿಲಿಯಲ್ಲೇ ಆ 10 ಮಿಲಿಗ್ರಾಂ ತಾಮ್ರ ಇದೆ. ಬಕೆಟ್ಟಿನ ತಳಕ್ಕೆ ಒಣಗಿ ಅಂಟಿದ ನೀಲಿ ಪದರ ಅಷ್ಟಕ್ಕೆ ಸಾಕು.

ಇನ್ನು ರೋಗ. ನೀವು ಹೇಳಿದ ಲಕ್ಷಣಕ್ಕೆ ಇದು ಬಿಳಿ ಚುಕ್ಕಿ ರೋಗ, ಎಲ್ಲರೂ ವೈಟ್ ಸ್ಪಾಟ್ ಅಥವಾ ಇಚ್ ಎನ್ನುವುದು. ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಆದರೂ ಟಾರ್ಚ್ ಹಿಡಿದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಚುಕ್ಕಿಗಳು ಒಂದಕ್ಕೊಂದು ಬಿಡಿಬಿಡಿಯಾಗಿ, ಸರಿಸುಮಾರು ಒಂದೇ ಗಾತ್ರದಲ್ಲಿ, ಅರ್ಧದಿಂದ ಒಂದು ಮಿಲಿಮೀಟರ್ ಇದ್ದರೆ ಇಚ್. ಓರೆಯಾಗಿ ಬೆಳಕು ಬಿಟ್ಟಾಗ ಮೈ ಮೇಲೆ ಅರಿಸಿನ ಧೂಳು ಕೂತ ಹಾಗೆ ಕಂಡರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಬೆನ್ನಿನ ಮೇಲೆ ಜೀನು ಹಾಕಿದಂತೆ ಮಾಸಲು ಬಿಳಿ ಪಟ್ಟೆ, ಬಾಯಿ ಸುತ್ತ ಹತ್ತಿಯಂಥದ್ದು ಕಂಡರೆ ಅದು ಕಾಲಂನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಈ ಕೊನೆಯದನ್ನು ತಪ್ಪಾಗಿ ಗುರುತಿಸಿದರೆ ಅಪಾಯ, ಏಕೆಂದರೆ ಇಚ್‌ಗೆ ಮಾಡುವಂತೆ ನೀರು ಬಿಸಿ ಮಾಡಿದರೆ ಕಾಲಂನಾರಿಸ್ ಇನ್ನೂ ವೇಗವಾಗಿ ಹಬ್ಬುತ್ತದೆ.

ಚಿಕಿತ್ಸೆ ಅರ್ಥವಾಗಬೇಕಾದರೆ ಈ ಜೀವಿಯ ಬದುಕು ಗೊತ್ತಿರಬೇಕು. ನಿಮಗೆ ಕಾಣುವ ಚುಕ್ಕಿ ಮೀನಿನ ಚರ್ಮದ ಮೇಲಿಲ್ಲ, ಚರ್ಮದ ಪದರದ ಒಳಗಿದೆ. ಅಲ್ಲಿಗೆ ಉಪ್ಪೂ ತಲುಪುವುದಿಲ್ಲ, ಔಷಧಿಯೂ ತಲುಪುವುದಿಲ್ಲ. ಅದು ತಿಂದು ಬಲಿತು, ಕಳಚಿಕೊಂಡು, ತಳದ ಕಲ್ಲು ಗಿಡಗಳಿಗೆ ಅಂಟಿ, ಸುತ್ತ ಲೋಳೆಯ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೂ ಔಷಧಿ ಇಳಿಯದು. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗಿ ಒಡೆದು ಹೊರಬರುತ್ತವೆ. ಈ ಈಜುವ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ನಮ್ಮ ಕೈಗೆ ಸಿಗುವುದು ಈ ಒಂದು ಹಂತ ಮಾತ್ರ.

ಆದ್ದರಿಂದ ಎಷ್ಟು ಬಲವಾದ ಔಷಧಿ ಹಾಕಿದಿರಿ ಎನ್ನುವುದಕ್ಕಿಂತ ಎಷ್ಟು ದಿನ ಬಿಡದೆ ಇಟ್ಟಿರಿ ಎನ್ನುವುದೇ ಮುಖ್ಯ. 25 ಡಿಗ್ರಿ ಸುತ್ತಮುತ್ತ ಈ ಚಕ್ರ 3ರಿಂದ 6 ದಿನದಲ್ಲಿ ಮುಗಿಯುತ್ತದೆ, 10 ಡಿಗ್ರಿಗೆ ಇಳಿದರೆ ತಿಂಗಳು ದಾಟುತ್ತದೆ. ನಿಮ್ಮ 19 ಡಿಗ್ರಿಯಲ್ಲಿ ವಾರಕ್ಕೂ ಮೇಲೆ. ಬಯಲುಸೀಮೆಯವರು ಹೇಳುವ "ಐದು ದಿನ ಔಷಧಿ ಹಾಕಿ ನಿಲ್ಲಿಸಿ" ಎಂಬ ಲೆಕ್ಕ ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಮಡಿಕೇರಿಯಲ್ಲಿ ನಡೆಯದಿರುವುದು ಇದಕ್ಕೇ. ಐದನೇ ದಿನ ಚುಕ್ಕಿ ಹೋಗಿರುತ್ತದೆ, ರೋಗ ತಳದಲ್ಲಿ ಕಾಯುತ್ತಿರುತ್ತದೆ.

ಈಗ ಮಾಡಬೇಕಾದದ್ದು. ನಿಮ್ಮ ಅಳತೆಗೆ 60×30×33 ಅಂದರೆ 59 ಲೀಟರ್, ಕಲ್ಲು ಮರಳು ಕಳೆದರೆ 50 ಎಂದು ಹಿಡಿಯಿರಿ. ಇವತ್ತೇ ತಳ ಸೈಫನ್ ಮಾಡುತ್ತಾ 12-13 ಲೀಟರ್ ನೀರು ತೆಗೆಯಿರಿ. ಕೋಶಗಳು ಕೂರುವುದು ತಳದಲ್ಲೇ, ಆದ್ದರಿಂದ ಮೇಲಿನ ನೀರು ಮಗ್‌ನಲ್ಲಿ ಮೊಗೆದರೆ ಉಪಯೋಗ ಕಡಿಮೆ. ಹೊಸ ನೀರು ಟ್ಯಾಂಕಿನ ಉಷ್ಣತೆಗೆ ಒಂದು ಡಿಗ್ರಿ ಒಳಗೇ ಇರಲಿ. 100 ವ್ಯಾಟ್‌ನ ಥರ್ಮೋಸ್ಟಾಟ್ ಇರುವ ಹೀಟರ್ ತನ್ನಿ, ದಿನಕ್ಕೆ 3 ಡಿಗ್ರಿ ಮೀರದಂತೆ ಏರಿಸುತ್ತಾ 30ಕ್ಕೆ ತನ್ನಿ. 30ರಲ್ಲಿ ಹತ್ತು ದಿನ ನಿಲ್ಲಿಸಿದರೆ ಈ ರೋಗಾಣುವಿನ ಹೆಚ್ಚಿನ ತಳಿಗಳು ಸಂತಾನ ಬೆಳೆಸಲಾರವು.

ಜೊತೆಗೆ ಉಪ್ಪು, ಲೀಟರಿಗೆ 2 ಗ್ರಾಂ. ನಿಮಗೆ ಒಟ್ಟು 100 ಗ್ರಾಂ. ಒಮ್ಮೆಲೇ ಬೇಡ. 25 ಗ್ರಾಂನಂತೆ ನಾಲ್ಕು ಪಾಲು ಮಾಡಿ, 12 ಗಂಟೆಗೊಂದು ಪಾಲು, ಜಗ್‌ನಲ್ಲಿ ಪೂರ್ತಿ ಕರಗಿಸಿ, ಫಿಲ್ಟರಿನ ಗುಳ್ಳೆ ಏಳುವ ಜಾಗಕ್ಕೆ ನಿಧಾನವಾಗಿ ಸುರಿಯಿರಿ. ಹರಳು ನೇರ ಹಾಕಿದರೆ ತಳದಲ್ಲಿ ಕೂತು, ಅದರ ಮೇಲೆ ಮಲಗುವ ಕೋರಿಯ ಹೊಟ್ಟೆ ಮೀಸೆ ಸುಡುತ್ತದೆ. ಕಲ್ಲುಪ್ಪು ಒಳ್ಳೆಯದು. ಪುಡಿ ಉಪ್ಪಿನ ಅಯೋಡಿನ್ ಮೀನಿಗೆ ವಿಷ ಎನ್ನುವ ಮಾತಿದೆ, ಈ ಪ್ರಮಾಣದಲ್ಲಿ ಅದಕ್ಕೆ ಹೆದರಬೇಕಿಲ್ಲ. ಚಮಚದಲ್ಲಿ ಅಳೆಯಬೇಡಿ, ಹರಳಿನ ಗಾತ್ರಕ್ಕೆ ತಕ್ಕಂತೆ ತೂಕ ಬದಲಾಗುತ್ತದೆ. ಅಡುಗೆಮನೆಯ ತೂಕದ ಯಂತ್ರ ಬಳಸಿ.

ಕೋರಿಗೆ ಉಪ್ಪು ಆಗುವುದೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಹೀಗೆ ಎರಡು ದಿನಕ್ಕೆ ಹರಡಿ ಏರಿಸಿದರೆ 2 ಗ್ರಾಂವರೆಗೆ ಎರಡು ವಾರ ತಡೆಯುತ್ತವೆ. ಉಸಿರು ವಿಪರೀತ ಜೋರಾಗಿ, ಮಗುಚಿ ಬೀಳುವಂತಾದರೆ 1 ಗ್ರಾಂಗೆ ಇಳಿಸಿ. ಅವನ್ನು ಬೇರೆ ಬಕೆಟ್ಟಿಗೆ ಹಾಕಿ ಮಿಕ್ಕವಕ್ಕೆ ಮಾತ್ರ ಚಿಕಿತ್ಸೆ ಮಾಡುವುದು ತಪ್ಪು. ಕಣ್ಣಿಗೆ ಚುಕ್ಕಿ ಕಾಣದಿದ್ದರೂ ಕಿವಿರಿನಲ್ಲಿ ಇರಬಹುದು. ಟ್ಯಾಂಕಿಗೆ ಬಂದ ರೋಗ ಎಂದರೆ ಟ್ಯಾಂಕಿನ ಎಲ್ಲ ಮೀನಿಗೂ ಬಂದದ್ದೇ.

---

ಕುಶಾಲನಗರ_ಅಕ್ವಾ:

ಮೇಲಿನ ಉತ್ತರದಲ್ಲಿ 30 ಡಿಗ್ರಿ ಎನ್ನುವ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಒಪ್ಪುತ್ತೇನೆ. ಇಲ್ಲಿ ಕುಶಾಲನಗರದಲ್ಲಿ, ಮಳೆ ಕಡಿಮೆ ಬಿಸಿಲು ಹೆಚ್ಚು ಇರುವ ಕಡೆ, 30 ನಿಲ್ಲಿಸಬಹುದು. ಮಡಿಕೇರಿಯಲ್ಲಿ ಆರು ಗಂಟೆ ಕರೆಂಟ್ ಹೋಗುವ ಮನೆಯಲ್ಲಿ ಅದು ಮೀನಿಗೆ ಹಿಂಸೆ.

ಲೆಕ್ಕ ನೋಡಿ. 50 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 100 ವ್ಯಾಟ್ ಹೀಟರಿಗೆ ಸುಮಾರು 35 ನಿಮಿಷ ಬೇಕು. ಮುಚ್ಚಳ ಇರುವ ಟ್ಯಾಂಕ್ ಕೋಣೆಗಿಂತ 10 ಡಿಗ್ರಿ ಬಿಸಿ ಇದ್ದಾಗ ಗಾಜಿನ ಮೂಲಕ ಅಂದಾಜು 50 ವ್ಯಾಟ್‌ನಷ್ಟು ಶಾಖ ಹೊರಹೋಗುತ್ತಿರುತ್ತದೆ. ಕೋಣೆ 20, ನೀರು 30 ಇರುವಾಗ ಕರೆಂಟ್ ಹೋದರೆ ಆರು ಗಂಟೆಯಲ್ಲಿ ನೀರು 26ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಳ ಇಲ್ಲದಿದ್ದರೆ ಇನ್ನೂ ಕೆಳಗೆ. ಅದೇ 26ರಲ್ಲಿ ಇಟ್ಟಿದ್ದರೆ ಇಳಿಯುವುದು ಎರಡೂವರೆ ಡಿಗ್ರಿ ಮಾತ್ರ. ದಿನಾ 4 ಡಿಗ್ರಿ ಇಳಿದು ಏರುವ ನೀರಲ್ಲಿ ಇರುವ ಮೀನಿಗೆ ರೋಗ ತಡೆಯುವ ಶಕ್ತಿ ಉಳಿಯುವುದಿಲ್ಲ. ಮೊದಲಿಗೆ ರೋಗ ಹತ್ತಿದ್ದೂ ಚಳಿಯ ಹೊಡೆತಕ್ಕೇ ಅಲ್ಲವೇ.

ಎರಡನೆಯದು ಆಮ್ಲಜನಕ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ 7.5. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಕಡಿಮೆ. ಅಲ್ಲಿ 30 ಡಿಗ್ರಿಯಲ್ಲಿ ಸಿಗುವುದು 6.6ರ ಹತ್ತಿರ. ಕಿವಿರಿನ ತುಂಬ ರೋಗಾಣು ಕೂತ ಮೀನಿಗೆ ಇದು ಸಾಲದು. ಕರೆಂಟ್ ಹೋದರೆ ಏರ್ ಪಂಪ್ ಕೂಡ ನಿಲ್ಲುತ್ತದೆ ಎನ್ನುವುದನ್ನು ಮರೆಯಬೇಡಿ.

ಹಾಗಾಗಿ ನನ್ನ ಸಲಹೆ: 26 ಡಿಗ್ರಿ ಸ್ಥಿರವಾಗಿ, ಉಪ್ಪು ಲೀಟರಿಗೆ 2 ಗ್ರಾಂ, ಒಟ್ಟು 14 ದಿನ, ಆಮೇಲೂ ಚುಕ್ಕಿ ಉಳಿದಿದ್ದರೆ ಇನ್ನೂ ಮುಂದಕ್ಕೆ. ಟ್ಯಾಂಕಿನ ಹಿಂಬದಿ ಮತ್ತು ಎರಡು ಪಕ್ಕಕ್ಕೆ ಒಂದು ಇಂಚಿನ ಥರ್ಮಾಕೋಲ್ ಅಂಟಿಸಿ, ಅಡಿಗೂ ಒಂದು ಹಾಳೆ ಇದ್ದರೆ ಒಳ್ಳೆಯದು. ಮೇಲೆ ಗಾಜಿನ ಮುಚ್ಚಳ, ಗಾಳಿಗೆ ಬೆರಳಗಲ ಸಂದು. ಕರೆಂಟ್ ಹೋದಾಗ ಮುಂಬದಿಗೂ ಕಂಬಳಿ ಇಳಿಬಿಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ 3-5 ವ್ಯಾಟ್‌ನ ಏರ್ ಪಂಪ್ ಮೊದಲು ಅದಕ್ಕೆ ಹಾಕಿ, ಆಮೇಲೆ ಹೀಟರಿನ ಯೋಚನೆ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು. ಒಂದು ಲೀಟರಿನ ಬಾಟಲಿಗೆ 70 ಡಿಗ್ರಿಯ ಬಿಸಿ ನೀರು ತುಂಬಿ ಬಿಗಿಯಾಗಿ ಮುಚ್ಚಿ ತೇಲಿಬಿಟ್ಟರೆ ನಿಮ್ಮ ಟ್ಯಾಂಕ್ ಮುಕ್ಕಾಲು ಡಿಗ್ರಿ ಏರುತ್ತದೆ. ಎರಡು ಗಂಟೆಗೊಂದು ಬಾಟಲಿ ಹಾಕಿದರೆ ಇಳಿಯುವುದನ್ನು ಹೆಚ್ಚುಕಡಿಮೆ ತಡೆದಂತೆ.

ನೀರು ಬದಲಿಸುವಾಗ 11 ಲೀಟರ್ ಬಾವಿ ನೀರಿಗೆ 1 ಲೀಟರ್ ಕುದಿಯುವ ನೀರು ಬೆರೆಸಿದರೆ 25 ಡಿಗ್ರಿ ದಾಟುತ್ತದೆ, ಥರ್ಮಾಮೀಟರ್ ಇಟ್ಟು ನೋಡಿ ಸುರಿಯಿರಿ. ಆ ಬಿಸಿ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಬಚ್ಚಲಿನ ತಾಮ್ರದ ಹಂಡೆಯ ನೀರು ಬೇಡವೇ ಬೇಡ. ಮೃದುವಾದ ಹುಳಿ ನೀರು ರಾತ್ರಿಯಿಡೀ ಹಂಡೆಯಲ್ಲಿ ನಿಂತರೆ ತಾಮ್ರ ಕರಗಿಸಿಕೊಳ್ಳುತ್ತದೆ. ಗೀಸರಿನ ಒಳಗೂ ತಾಮ್ರದ ಕೊಳವೆ ಇರಬಹುದು.

ಹೀಟರ್ ಬಗ್ಗೆ ಎರಡೇ ಮಾತು. ನೀರು ತೆಗೆಯುವ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಒಡೆಯುತ್ತದೆ. ವೈರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರಲಿ, ಇಲ್ಲದಿದ್ದರೆ ಹನಿ ನೇರ ಸಾಕೆಟ್ಟಿಗೆ ಇಳಿಯುತ್ತದೆ.

ಅಂಗಡಿಯ ನೀಲಿ ಔಷಧಿ ಹೆಚ್ಚಾಗಿ ಮಿಥಿಲೀನ್ ಬ್ಲೂ. ಮೀನಿನ ಮೊಟ್ಟೆಗೆ ಬೂಷ್ಟು ಬರದಂತೆ ತಡೆಯಲು ಅದು ಚೆನ್ನ. ಇಚ್‌ಗೆ ದುರ್ಬಲ, ಮೇಲಾಗಿ ಸ್ಪಂಜ್‌ನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಹಳದಿಯದ್ದು ಅಕ್ರಿಫ್ಲೇವಿನ್, ಅದೂ ಇದಕ್ಕೆ ಮೊದಲ ಆಯ್ಕೆಯಲ್ಲ. ಔಷಧಿಯೇ ಬೇಕಾದರೆ ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಎರಡೂ ಸೇರಿದ ಇಚ್ ಔಷಧಿ ಕೇಳಿ, ಸೀಸೆಯ ಮೇಲಿನ ಹೆಸರು ಓದಿ. ಟೆಟ್ರಾ, ಕೋರಿ ಎರಡೂ ಮ್ಯಾಲಕೈಟ್‌ಗೆ ಸೂಕ್ಷ್ಮ, ಆದ್ದರಿಂದ ಲೇಬಲ್‌ನ ಅರ್ಧ ಪ್ರಮಾಣ, ದಿನ ಬಿಟ್ಟು ದಿನ, ಪ್ರತಿ ಸಲ ಹಾಕುವ ಮೊದಲು ಕಾಲು ಭಾಗ ನೀರು ಬದಲು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿಯನ್ನೇ ಹೀರುತ್ತದೆ. ಲೈಟ್ ಆರಿಸಿ, ಬೆಳಕಿಗೆ ಮ್ಯಾಲಕೈಟ್ ಸತ್ವ ಕಳೆದುಕೊಳ್ಳುತ್ತದೆ. ಫಾರ್ಮಲಿನ್ ನೀರಿನ ಆಮ್ಲಜನಕ ತಿನ್ನುತ್ತದೆ, ಬಿಸಿ ನೀರಲ್ಲಿ ಅದರ ವಿಷವೂ ಹೆಚ್ಚು, ಆದ್ದರಿಂದ 30 ಡಿಗ್ರಿ ಮತ್ತು ಫಾರ್ಮಲಿನ್ ಒಟ್ಟಿಗೆ ಬೇಡ. ಸೀಸೆಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಸೀಸೆ ಎಸೆಯಬೇಕು. ಕೈಗವಸು ಹಾಕದೆ ಮುಟ್ಟಬೇಡಿ, ಮಕ್ಕಳಿಗೆ ಸಿಗದ ಜಾಗದಲ್ಲಿಡಿ.

---

ಪೊನ್ನಂಪೇಟೆ_ನೀರು:

ಯಾರೂ ಪಿಎಚ್ ಕೇಳಲಿಲ್ಲ. ಮಳೆಗಾಲದ ಬಾವಿ ನೀರಲ್ಲಿ ಕೆಎಚ್ (ನೀರಿನ ಕ್ಷಾರತೆಯ ಅಳತೆ) 1 ಅಥವಾ 2 ಇದ್ದರೆ ಟ್ಯಾಂಕಿನ ಪಿಎಚ್ ಹಿಡಿದು ನಿಲ್ಲಿಸಲು ಏನೂ ಇಲ್ಲ ಎಂದರ್ಥ. ಫಿಲ್ಟರ್ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆ ಸ್ವಲ್ಪ ಕ್ಷಾರವನ್ನೂ ಮುಗಿಸುತ್ತವೆ. ಪಿಎಚ್ 6ರ ಕೆಳಗೆ ಇಳಿದರೆ ಅವುಗಳ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ. ಚಿಕಿತ್ಸೆಯ ಎರಡು ವಾರದ ನಡುವೆ ಹೀಗಾದರೆ ಮೀನು ಇಚ್‌ನಿಂದ ಉಳಿದು ನೀರಿನಿಂದ ಸಾಯುತ್ತದೆ.

ಪಿಎಚ್, ಕೆಎಚ್, ಅಮೋನಿಯಾ, ಮೂರನ್ನೂ ಹನಿ ಹಾಕುವ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅಡುಗೆ ಸೋಡಾ 1.5 ಗ್ರಾಂ ನಿಮ್ಮ 50 ಲೀಟರಿನ ಕೆಎಚ್ ಅನ್ನು 1 ಡಿಗ್ರಿ ಏರಿಸುತ್ತದೆ. ದಿನಕ್ಕೆ ಒಂದು ಡಿಗ್ರಿಯಂತೆ 3-4ಕ್ಕೆ ತಂದರೆ ಸಾಕು. ದೀರ್ಘಕಾಲಕ್ಕೆ ಹವಳದ ಚೂರು ಅಥವಾ ತೊಳೆದ ಚಿಪ್ಪಿನ ಚೂರನ್ನು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ, ನೀರು ಹುಳಿಯಾದಂತೆ ತಾನೇ ಕರಗಿ ಸರಿಮಾಡುತ್ತದೆ. ಗೋಡೆಗೆ ಬಳಿಯುವ ಸುಣ್ಣ ಮಾತ್ರ ಹಾಕಬೇಡಿ, ಒಂದೇ ಸಲಕ್ಕೆ ಪಿಎಚ್ ಮೇಲೇರಿ ಕಿವಿರು ಸುಟ್ಟುಹೋಗುತ್ತದೆ.

ಮಾಲಿ ಗಡಸು ನೀರಿನ ಮೀನು. ನಮ್ಮ ನೀರಲ್ಲಿ ಅದು ಮೊದಲೇ ಸೋತಿರುತ್ತದೆ, ನಿಂತಲ್ಲೇ ಮೈ ಅಲ್ಲಾಡಿಸುತ್ತದೆ, ಇಚ್ ಮೊದಲು ಹಿಡಿಯುವುದೂ ಅದನ್ನೇ. ಉಪ್ಪು ಹಾಕಿದರೆ ನೀರು ಗಡಸಾಗುವುದಿಲ್ಲ, ಅದಕ್ಕೆ ಸುಣ್ಣದ ಅಂಶ ಬೇಕು. ಈ ರೋಗ ಮುಗಿದ ಮೇಲೂ ಚಿಪ್ಪಿನ ಚೀಲ ಇರಲಿ.

---

ಮಡಿಕೇರಿ_ಟ್ಯಾಂಕ್ (4ನೇ ದಿನ):

ಎಲ್ಲರಿಗೂ ಧನ್ಯವಾದ. 26 ಡಿಗ್ರಿ ದಾರಿ ಹಿಡಿದಿದೆ, ಥರ್ಮಾಕೋಲ್ ಹಾಕಿ ಆಯಿತು, 100 ಗ್ರಾಂ ಉಪ್ಪು ಎರಡನೇ ದಿನಕ್ಕೆ ಮುಗಿಯಿತು. ನಿನ್ನೆ 5 ಗಂಟೆ ಕರೆಂಟ್ ಇರಲಿಲ್ಲ, ಬಾಟಲಿ ಹಾಕಿದ್ದರಿಂದ ನೀರು 25ಕ್ಕೆ ನಿಂತಿತು. ಆದರೆ ಚುಕ್ಕಿ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಎಲ್ಲ ಟೆಟ್ರಾಗಳ ಮೇಲೂ ಇದೆ. ಒಂದು ಮಾಲಿ ಸತ್ತಿತು, ಇನ್ನೊಂದು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆಯುತ್ತಿದೆ. ಪಿಎಚ್ 6.5, ಕೆಎಚ್ 1, ಅಮೋನಿಯಾ 0.5. ಉಪ್ಪು 3 ಗ್ರಾಂಗೆ ಏರಿಸಲೇ? ಸೋಡಾ ಈಗಲೇ ಹಾಕಲೇ? ಔಷಧಿಯೂ ಸೇರಿಸಲೇ?

---

ವಿರಾಜಪೇಟೆ_ಜಲಚರ:

ಮೂರೂ ಈಗ ಬೇಡ.

ಚುಕ್ಕಿ ಹೆಚ್ಚಾಗಿರುವುದು ನಿರೀಕ್ಷಿತ. ನೀವು ಉಪ್ಪು ಹಾಕುವ ಮೊದಲೇ ಮೀನಿನ ಮೈ ಹೊಕ್ಕಿದ್ದವು, ಕಣ್ಣಿಗೆ ಕಾಣದಷ್ಟು ಸಣ್ಣವು, ಬೆಚ್ಚಗಿನ ನೀರಲ್ಲಿ ಬೇಗ ಬಲಿತು ಈಗ ಕಾಣುತ್ತಿವೆ. ಹೊಸದಾಗಿ ಹತ್ತಿದ್ದೋ, ಹಳೆಯದು ಬಲಿತದ್ದೋ ಎಂದು ತಿಳಿಯಲು ದಿನಾ ಒಂದೇ ಹೊತ್ತಿಗೆ ಒಂದೇ ಟೆಟ್ರಾದ ಬಾಲದ ಫೋಟೋ ತೆಗೆದು ಹೋಲಿಸಿ. 26ರಲ್ಲಿ ಐದಾರನೇ ದಿನಕ್ಕೆ ಚುಕ್ಕಿ ಉದುರತೊಡಗಬೇಕು. ಏಳನೇ ದಿನದ ನಂತರವೂ ಖಾಲಿಯಾಗಿದ್ದ ಜಾಗದಲ್ಲಿ ಹೊಸ ಚುಕ್ಕಿ ಕಂಡರೆ ಮಾತ್ರ ಉಪ್ಪು ಸೋತಿತು ಎಂದು ತಿಳಿದು ಔಷಧಿಗೆ ಹೋಗಿ. ನಡುವೆ ಭಯಪಟ್ಟು ಎಲ್ಲವನ್ನೂ ಸುರಿಯುವುದರಿಂದಲೇ ಹೆಚ್ಚು ಮೀನು ಸಾಯುವುದು.

ಮೇಲೆ ಬಾಯಿ ತೆರೆಯುವ ಮಾಲಿಯ ಕಷ್ಟ ಕಿವಿರಿನದು. ಅದಕ್ಕೆ ಈ ಕ್ಷಣ ಬೇಕಾದದ್ದು ಗಾಳಿ. ಇನ್ನೊಂದು ಏರ್ ಸ್ಟೋನ್ ಹಾಕಿ, ನೀರಿನ ಮೇಲ್ಮೈ ಚೆನ್ನಾಗಿ ಕದಡಲಿ.

---

ಪೊನ್ನಂಪೇಟೆ_ನೀರು:

ಸೋಡಾ ಬಗ್ಗೆ ನಾನು ಮೊದಲೇ ಸ್ಪಷ್ಟವಾಗಿ ಬರೆಯಬೇಕಿತ್ತು. ಅಮೋನಿಯಾ ಇರುವಾಗ ಪಿಎಚ್ ಏರಿಸಬಾರದು. ಪಿಎಚ್ 6.5ರಲ್ಲಿ ಕಿಟ್ ತೋರಿಸುವ ಅಮೋನಿಯಾದಲ್ಲಿ ಸಾವಿರಕ್ಕೆ ಎರಡು ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಅದೇ ನೀರಿನ ಪಿಎಚ್ 8 ಆದರೆ ನೂರಕ್ಕೆ ಐದಾರು ಪಾಲು ವಿಷವಾಗುತ್ತದೆ. ಅಂದರೆ ಇವತ್ತು ಮೀನನ್ನು ಉಳಿಸಿರುವುದೇ ಆ ಹುಳಿ ನೀರು.

ಇವತ್ತು 12 ಲೀಟರ್ ತಳದಿಂದ ತೆಗೆಯಿರಿ, ನಾಳೆ ಮತ್ತೆ 12. ಹೊಸ 12 ಲೀಟರಿಗೆ ಉಪ್ಪು 24 ಗ್ರಾಂ ಮಾತ್ರ. ಇಲ್ಲಿ ತುಂಬ ಜನ ತಪ್ಪುವುದು. ಪ್ರತಿ ಸಲವೂ ಇಡೀ ಟ್ಯಾಂಕಿನ ಲೆಕ್ಕಕ್ಕೆ 100 ಗ್ರಾಂ ಸುರಿದರೆ ವಾರದಲ್ಲಿ ಉಪ್ಪು ಮೂರ್ನಾಲ್ಕು ಪಟ್ಟಾಗಿರುತ್ತದೆ. ನೀರು ಆವಿಯಾಗಿ ಮಟ್ಟ ಇಳಿದಾಗ ಸೇರಿಸುವ ನೀರಿಗೆ ಉಪ್ಪು ಬೇಡವೇ ಬೇಡ, ಉಪ್ಪು ಆವಿಯಾಗುವುದಿಲ್ಲ.

ಎರಡು ದಿನ ಆಹಾರ ನಿಲ್ಲಿಸಿ, ಆಮೇಲೆ ದಿನಕ್ಕೊಮ್ಮೆ ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಸ್ಪಂಜ್ ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ. ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಹೋಗುತ್ತವೆ, ಅಮೋನಿಯಾ ಮತ್ತೆ ಏರುತ್ತದೆ. ಪುರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಬೇರೆ. ಅಮೋನಿಯಾ 0 ತೋರಿಸಿದ ಮೇಲೆ ಸೋಡಾ ಶುರುಮಾಡಿ, ದಿನಕ್ಕೆ 1.5 ಗ್ರಾಂ.

---

ಮಡಿಕೇರಿ_ಟ್ಯಾಂಕ್ (11ನೇ ದಿನ):

ಮೇಲೆ ಬಾಯಿ ತೆರೆಯುತ್ತಿದ್ದ ಮಾಲಿ ಉಳಿದಿದೆ. ಐದನೇ ದಿನ ಒಂದು ಟೆಟ್ರಾ ಹೋಯಿತು, ಆಮೇಲೆ ಸಾವಿಲ್ಲ. ಎಂಟನೇ ದಿನದಿಂದ ಯಾವ ಮೀನಿನ ಮೇಲೂ ಚುಕ್ಕಿ ಇಲ್ಲ. ಕೋರಿಗಳು ಎಂದಿನಂತೆ ತಳ ಕೆದಕುತ್ತಿವೆ. ಅಮೋನಿಯಾ 0, ಕೆಎಚ್ 3. ಟ್ಯಾಂಕಿನ ಗಿಡಗಳಲ್ಲಿ ಹೈಡ್ರಿಲ್ಲಾ ಉದುರಿ ಕೊಳೆಯುತ್ತಿದೆ, ಜಾವಾ ಫರ್ನ್ ಚೆನ್ನಾಗಿದೆ. ಉಪ್ಪು ಈಗ ತೆಗೆಯಬಹುದೇ? ಬಲೆ, ಸೈಫನ್ ಪೈಪ್ ಏನು ಮಾಡಬೇಕು?

---

ಕುಶಾಲನಗರ_ಅಕ್ವಾ:

ಕೊನೆಯ ಚುಕ್ಕಿ ಹೋದದ್ದು ಎಂಟನೇ ದಿನ. ಅಲ್ಲಿಂದ ಹತ್ತು ದಿನ ಎಣಿಸಿ, ಅಂದರೆ 18ನೇ ದಿನದವರೆಗೆ ಉಪ್ಪು, 26 ಡಿಗ್ರಿ ಎರಡೂ ಹಾಗೇ. ಮೀನು ಚೆನ್ನಾಗಿ ಕಾಣುವ ಈ ಹೊತ್ತಲ್ಲೇ ಹೀಟರ್ ಕಿತ್ತು ಮತ್ತೆ ರೋಗ ಬರಿಸಿಕೊಳ್ಳುವುದು. ಕಿವಿರಿನೊಳಗೆ ಒಂದೆರಡು ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. 19ನೇ ದಿನದಿಂದ ಮೂರು ದಿನಕ್ಕೊಮ್ಮೆ 12 ಲೀಟರ್ ಉಪ್ಪಿಲ್ಲದ ನೀರು ಬದಲಿಸಿ. ನಾಲ್ಕು ಸಲ ಮಾಡಿದರೆ ಉಪ್ಪು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮಿಕ್ಕದ್ದು ವಾರದ ಬದಲಾವಣೆಯಲ್ಲಿ ತಾನೇ ಹೋಗುತ್ತದೆ. ಕೊಳೆತ ಹೈಡ್ರಿಲ್ಲಾ ಇವತ್ತೇ ತೆಗೆಯಿರಿ, ಅದೇ ಮತ್ತೆ ಅಮೋನಿಯಾ ಮಾಡುತ್ತದೆ. ತೋಡಿಗೋ ಗದ್ದೆಗೋ ಎಸೆಯಬೇಡಿ, ಒಣ ಜಾಗದಲ್ಲಿ ಹೂತುಬಿಡಿ.

ಬಲೆಯ ಪ್ರಶ್ನೆ ಮುಖ್ಯ. ಪೂರ್ತಿ ಒಣಗಿದರೆ ರೋಗಾಣು ಸಾಯುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ಆದರೆ ಬಟ್ಟೆಯೇ ವಾರಗಟ್ಟಲೆ ಒಣಗದ ತಿಂಗಳಲ್ಲಿ ಮೊಳೆಗೆ ನೇತುಹಾಕಿದ ಬಲೆ ಒಣಗುವುದಿಲ್ಲ. 60 ಡಿಗ್ರಿಯ ಬಿಸಿ ನೀರಲ್ಲಿ ಹತ್ತು ನಿಮಿಷ ಅದ್ದಿ, ಆಮೇಲೆ ಒಲೆಯ ಹತ್ತಿರ ಒಣಗಿಸಿ. ಸೈಫನ್ ಪೈಪಿಗೂ ಹೀಗೇ. ಎರಡು ಟ್ಯಾಂಕ್ ಇದ್ದರೆ ಎರಡು ಬಲೆ ಇರಲಿ.

ತೆಗೆದ ಉಪ್ಪು ನೀರನ್ನು ಕಾಫಿ, ಮೆಣಸಿನ ಬುಡಕ್ಕೆ ಹಾಕಬೇಡಿ. ಮ್ಯಾಲಕೈಟ್ ಬಳಸಿದವರಂತೂ ಆ ನೀರನ್ನು ಕೆರೆ, ಹೊಳೆ, ತೋಡು ಯಾವುದಕ್ಕೂ ಬಿಡಬಾರದು. ಆಹಾರದ ಮೀನಿಗೆ ಮ್ಯಾಲಕೈಟ್ ಬಳಸುವುದಕ್ಕೆ ನಿಷೇಧವಿದೆ, ತೋಟದ ಕೆರೆಯ ಕಾಟ್ಲಾ, ರೋಹುಗೆ ಇಚ್ ಬಂದರೂ ಈ ಸೀಸೆ ಮುಟ್ಟುವಂತಿಲ್ಲ.

---

ವಿರಾಜಪೇಟೆ_ಜಲಚರ:

ಹೊಸ ಮೀನಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. "ಇಚ್ ಎಲ್ಲ ನೀರಲ್ಲೂ ಇರುತ್ತದೆ, ಮೀನು ಸೋತಾಗ ಏಳುತ್ತದೆ" ಎನ್ನುವುದು ತಪ್ಪು ತಿಳಿವಳಿಕೆ. ಮೀನಿಲ್ಲದೆ ಅದು ಬದುಕಲಾರದು. ಅದು ಹೊರಗಿನಿಂದಲೇ ಬರಬೇಕು, ಹೊಸ ಮೀನಿನ ಜೊತೆ, ಗಿಡದ ಜೊತೆ ಅಥವಾ ಒದ್ದೆ ಬಲೆಯ ಜೊತೆ. ಅಂಗಡಿಯ 27-28 ಡಿಗ್ರಿ ನೀರಿನಿಂದ ಬಂದ ಮೀನು, ಚೀಲದಲ್ಲಿ ಮೂರು ಗಂಟೆ ಬಸ್ ಪ್ರಯಾಣ ಮಾಡಿ, 19 ಡಿಗ್ರಿಗೆ ಬಿದ್ದರೆ ಅದರ ಮೇಲಿದ್ದ ಒಂದೆರಡು ರೋಗಾಣು ಇಡೀ ಟ್ಯಾಂಕಿಗೆ ಸಾಕು.

ಮುಂದೆ ತರುವಾಗ 20 ಲೀಟರಿನ ಪ್ಲಾಸ್ಟಿಕ್ ಡಬ್ಬ, 50 ವ್ಯಾಟ್ ಹೀಟರ್, ಹಳೆಯ ಟ್ಯಾಂಕಿನಲ್ಲಿ ತಿಂಗಳು ಮೊದಲೇ ಇಟ್ಟು ಬ್ಯಾಕ್ಟೀರಿಯಾ ಕೂತಿರುವ ಒಂದು ಸಣ್ಣ ಸ್ಪಂಜ್ ಫಿಲ್ಟರ್, ಇಷ್ಟು ಸಿದ್ಧವಿರಲಿ. 26 ಡಿಗ್ರಿಯಲ್ಲಾದರೆ ಎರಡು ವಾರ ಅಲ್ಲೇ ಇಟ್ಟು ನೋಡಿ. ಹೀಟರ್ ಇಲ್ಲದೆ 20ರಲ್ಲಿ ಇಡುವುದಾದರೆ ನಾಲ್ಕು ವಾರ. ಚೀಲದ ನೀರು ಟ್ಯಾಂಕಿಗೆ ಸುರಿಯಬೇಡಿ, ಮೀನನ್ನು ಮಾತ್ರ ಎತ್ತಿ ಬಿಡಿ. ಗಿಡ ತಂದರೆ ಮೀನಿಲ್ಲದ ಬಕೆಟ್ಟಿನಲ್ಲಿ ಬೆಚ್ಚಗೆ ಒಂದು ವಾರ, ತಣ್ಣಗಿದ್ದರೆ ಮೂರ್ನಾಲ್ಕು ವಾರ.

ಗೋಲ್ಡ್ ಫಿಶ್ ಇರುವವರು ಇದನ್ನು ಓದುತ್ತಿದ್ದರೆ: ಅದು ತಣ್ಣೀರಿನ ಮೀನು, 30ಕ್ಕೆ ಏರಿಸಬೇಡಿ. 22-24ರಲ್ಲಿ ಉಪ್ಪು 3 ಗ್ರಾಂವರೆಗೆ ತಡೆಯುತ್ತದೆ, ದಿನ ಮಾತ್ರ ಹೆಚ್ಚು ಬೇಕು, ಮೂರು ವಾರ. ಗಂಡು ಗೋಲ್ಡ್ ಫಿಶ್‌ನ ಕಿವಿರು ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಮೂಡುವ ಬಿಳಿ ಚುಕ್ಕಿ ಬೆದೆಯ ಗುರುತು, ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ನಿಮ್ಮ ಟ್ಯಾಂಕಿಗೆ 18ನೇ ದಿನದ ಮೇಲೆ ಉಷ್ಣತೆ 25ಕ್ಕೆ ಇಳಿಸಿ, ಸೆಪ್ಟೆಂಬರ್ ಮುಗಿಯುವವರೆಗೆ ಹೀಟರ್ ಅಲ್ಲೇ ಇರಲಿ, ಥರ್ಮಾಕೋಲ್ ಕೂಡ.